ವಿನಾಯಿತಿ ಕೊಟ್ಟರೆ ಪಾಠ ಹೇಳಿದಂತಾಯಿತೇ?

ಅವರು: ಮೇಡಂ, ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಹಾಗಾಗಿ ನನ್ನ ಪ್ರಶ್ನೆ ಸ್ವಲ್ಪ ಒರಟಾಗಿಯೇ ಇರುತ್ತದೆ. ಓದುಬರಹಕ್ಕೆ ತಿಣುಕುವ ಮಗುವಿಗೆ, ಕಣ್ಣು ಕಾಣದ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಡುತ್ತಾರೆ. ಉತ್ತರ ಬರೆಯಲು ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸುತ್ತಾರೆ. ಒಂದು ಭಾಷೆಯಿಂದ ವಿನಾಯಿತಿ ಕೊಡುವ ಮಂಡಳಿಗಳಿವೆ, ಗಣಿತದ ಬದಲು ಬೇರೆ ವಿಷಯ ಬರೆಯಲು ಬಿಡುವವೂ ಇವೆ. ಇಷ್ಟೆಲ್ಲ ಆದ ಮೇಲೂ ನಿಮ್ಮಂಥವರು ಸಾಲದು ಅನ್ನುತ್ತೀರಿ. ಇನ್ನೂ ಎಷ್ಟು ರಿಯಾಯಿತಿ ಬೇಕು?

ಇವರು: ರಿಯಾಯಿತಿ ಹೆಚ್ಚಾಯಿತು ಎಂಬುದೇ ನನ್ನ ತಕರಾರು, ಮೇಷ್ಟ್ರೇ. ನೀವು ಒಂದೇ ಉಸಿರಿನಲ್ಲಿ ಹೇಳಿದ ನಾಲ್ಕು ಸಂಗತಿಗಳು ಒಂದೇ ಜಾತಿಯವಲ್ಲ. ಹೆಚ್ಚು ಹೊತ್ತು ಕೊಡುವುದು, ಬರೆಯುವವರನ್ನು ಒದಗಿಸುವುದು, ಇವೆರಡೂ ಮಗು ಕಲಿಯಬೇಕಾದದ್ದನ್ನು ಮುಟ್ಟುವುದಿಲ್ಲ. ಕಲಿತದ್ದನ್ನು ತೋರಿಸುವ ದಾರಿಯನ್ನಷ್ಟೇ ಬದಲಿಸುತ್ತವೆ. ಭಾಷೆ ಬಿಡು, ಗಣಿತ ಬಿಡು ಎನ್ನುವುದು ಹಾಗಲ್ಲ, ಅದು ಕಲಿಯಬೇಕಾದದ್ದನ್ನೇ ಪಟ್ಟಿಯಿಂದ ಹೊಡೆದುಹಾಕುವ ಕೆಲಸ. ಮೊದಲನೆಯದರಲ್ಲಿ ಪಾಠ ಹೇಳುವ ಹೊಣೆ ಶಾಲೆಯ ಮೇಲೆ ಉಳಿಯುತ್ತದೆ. ಎರಡನೆಯದರಲ್ಲಿ ವಿನಾಯಿತಿ ಸಿಗುವುದು ಮಗುವಿಗಿಂತ ಹೆಚ್ಚಾಗಿ ಶಾಲೆಗೆ. ಇದರ ಬೆಲೆ ತಕ್ಷಣ ಕಾಣುವುದಿಲ್ಲ, ಹತ್ತನೇ ತರಗತಿ ದಾಟಿದ ಮೇಲೆ ಕಾಣುತ್ತದೆ. ಗಣಿತ ಬಿಟ್ಟು ಪಾಸಾದವರಿಗೆ ಪಿಯುಸಿಯಲ್ಲಿ ಅರ್ಧ ಬಾಗಿಲು ಮುಚ್ಚಿರುತ್ತದೆ. ಮಚಲೀಪಟ್ಟಣದ ಹತ್ತಿರದ ಹಳ್ಳಿಯ ಶ್ರೀಕಾಂತ್ ಬೊಲ್ಲ ಹುಟ್ಟಿನಿಂದ ಅಂಧರು. ಹತ್ತನೇ ತರಗತಿಯಾದ ಮೇಲೆ ವಿಜ್ಞಾನ ಓದುತ್ತೇನೆ ಎಂದಾಗ ಅವಕಾಶ ಸಿಗಲಿಲ್ಲ, ಕಣ್ಣು ಕಾಣದವರಿಗೆ ಕಲಾ ವಿಭಾಗವೇ ಸರಿ ಎಂಬುದು ಆಗಿನ ವ್ಯವಸ್ಥೆ. ನ್ಯಾಯಾಲಯಕ್ಕೆ ಹೋಗಿ ಅನುಮತಿ ತಂದರು. ಪಠ್ಯವನ್ನು ಧ್ವನಿಮುದ್ರಣದಲ್ಲಿ ಕೇಳಿ ಕಲಿತು ಹನ್ನೆರಡನೇ ತರಗತಿಯಲ್ಲಿ ಶೇ. 98 ಅಂಕ ತೆಗೆದರು, ಅಮೆರಿಕದ ಎಂಐಟಿಗೆ ಹೋದರು. ಅವರಿಗೆ ಬೇಕಾಗಿದ್ದದ್ದು ಧ್ವನಿಮುದ್ರಣ. ವ್ಯವಸ್ಥೆ ಕೊಡಲು ತಯಾರಿದ್ದದ್ದು ವಿನಾಯಿತಿ.

ಅವರು: ಒಬ್ಬ ಬೊಲ್ಲನನ್ನು ತೋರಿಸಿ ಎಲ್ಲ ಮಕ್ಕಳಿಗೂ ಅದನ್ನೇ ಅನ್ವಯಿಸಿದರೆ ಹೇಗೆ? ಐನ್‌ಸ್ಟೈನ್‌ಗೆ ಓದಲು ಬರುತ್ತಿರಲಿಲ್ಲ, ಎಡಿಸನ್‌ನನ್ನು ಶಾಲೆಯಿಂದ ಓಡಿಸಿದ್ದರು ಎಂಬ ವಾಟ್ಸಾಪ್ ಸಂದೇಶಗಳಿಗೂ ಇದಕ್ಕೂ ಏನು ವ್ಯತ್ಯಾಸ? ಸಾಮಾನ್ಯ ಮಗುವಿನ ಮಾತು ಹೇಳಿ.

ಇವರು: ಆ ಸಂದೇಶಗಳ ಬಗ್ಗೆ ನನಗೂ ನಿಮ್ಮಷ್ಟೇ ಬೇಸರವಿದೆ. ಒಂದು ಕಡೆ ಕೊರತೆ ಇದ್ದರೆ ಇನ್ನೊಂದು ಕಡೆ ದೇವರು ಧಾರಾಳವಾಗಿ ಕೊಟ್ಟಿರುತ್ತಾನೆ ಎಂಬ ನಂಬಿಕೆ ಅವುಗಳ ಹಿಂದಿದೆ, ಬಹುತೇಕ ಮಕ್ಕಳ ಪಾಲಿಗೆ ಅದು ನಿಜವಲ್ಲ. 2007ರ ‘ತಾರೇ ಜಮೀನ್ ಪರ್’ ಚಿತ್ರವನ್ನು ನೆನೆಸಿಕೊಳ್ಳಿ. ಎಲ್ಲರೂ ನೆನಪಿಟ್ಟಿರುವುದು ಕೊನೆಯಲ್ಲಿ ಆ ಹುಡುಗ ಚಿತ್ರಕಲಾ ಸ್ಪರ್ಧೆ ಗೆಲ್ಲುವುದನ್ನು. ಅದಕ್ಕೆ ಮೊದಲು ಮೇಷ್ಟ್ರು ಅವನಿಗೆ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಾರೆ, ಮೆಟ್ಟಿಲು ಹತ್ತಿಸಿ ಇಳಿಸಿ ಲೆಕ್ಕ ಹೇಳಿಕೊಡುತ್ತಾರೆ. ಹುಡುಗ ಕೊನೆಗೆ ಓದಲು ಕಲಿಯುತ್ತಾನೆ. ಚಿತ್ರದ ಅಸಲು ವಿಷಯ ಅದು, ಅದನ್ನೇ ಮರೆತುಬಿಟ್ಟಿದ್ದೇವೆ. ಪ್ರತಿಭೆ ಇಲ್ಲದಿದ್ದರೂ ಅವನಿಗೆ ಓದಲು ಕಲಿಯುವ ಹಕ್ಕಿತ್ತು.

ಒಂದಿಬ್ಬರ ಸಾಧನೆ ಬೇಡ, ಒಂದು ವ್ಯವಸ್ಥೆ ತೋರಿಸಿ ಎಂದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು, ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕಲಿತವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಶಿಶುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು, 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷ ತೀರಿಕೊಂಡರು. ಅಲ್ಲಿ ನಡೆದದ್ದನ್ನು ಶಿಕ್ಷಣಶಾಸ್ತ್ರದ ಕಣ್ಣಿನಿಂದ ನಾವು ನೋಡಿಯೇ ಇಲ್ಲ, ಬರೀ ಭಕ್ತಿಯಿಂದ ನೋಡಿದ್ದೇವೆ. ಕಣ್ಣಿಲ್ಲದ ಮಗುವೆಂದು ಅಲ್ಲಿ ತಾಳ ಸಡಿಲವಾಗಲಿಲ್ಲ, ರಾಗದ ಲೆಕ್ಕ ಕಡಿಮೆಯಾಗಲಿಲ್ಲ. ಪುಸ್ತಕದ ಜಾಗಕ್ಕೆ ಕಿವಿ ಬಂತು, ಕಂಠಪಾಠ ಬಂತು, ಗುರುವಿನ ಪಕ್ಕದಲ್ಲಿ ಕೂತು ಹೇಳಿಸಿಕೊಳ್ಳುವುದು ಬಂತು. ಇನ್ನೊಂದು ಮಾತು: ಅಲ್ಲಿ ಕಲಿತವರು ಅಂಧರಷ್ಟೇ ಅಲ್ಲ. ಕಣ್ಣಿದ್ದ ಬಸವರಾಜ ರಾಜಗುರುಗಳೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಸಮನ್ವಯ ಶಿಕ್ಷಣ ಎಂದು ಇಲಾಖೆ ಇವತ್ತು ಸುತ್ತೋಲೆ ಹೊರಡಿಸುತ್ತದಲ್ಲ, ಹೆಸರಿಲ್ಲದೆ ಅದು ನಮ್ಮ ಉತ್ತರ ಕರ್ನಾಟಕದಲ್ಲಿ ಎಂದೋ ನಡೆದಿತ್ತು.

ಅವರು: ಸಂಗೀತ ಮೊದಲಿನಿಂದಲೂ ಬಾಯಿಪಾಠದ ವಿದ್ಯೆ, ಅಲ್ಲಿ ಅದು ಸುಲಭ. ಶಾಲೆ ನಿಂತಿರುವುದೇ ಅಕ್ಷರದ ಮೇಲೆ. ಓದಲು ಬಾರದ ಮಗುವಿಗೆ ಅದೇ ಗುರಿ ಇಟ್ಟುಕೊಂಡು ಬೇರೆ ದಾರಿ ಅಂದರೆ ಯಾವುದು? ಅದೂ ಅಲ್ಲದೆ, ನಿಜವಾದ ತೊಂದರೆಯೋ ಸೋಮಾರಿತನವೋ ಎಂದು ಮೊದಲು ಡಾಕ್ಟರು ಹೇಳಬೇಡವೇ?

ಇವರು: ಡಾಕ್ಟರ ಮಾತಿಗೆ ಆಮೇಲೆ ಬರೋಣ, ಮೊದಲು ಕನ್ನಡದ ಅಕ್ಷರವನ್ನೇ ಹತ್ತಿರದಿಂದ ನೋಡಿ. ಇಂಗ್ಲಿಷಿನ ಮಗು 26 ಅಕ್ಷರ ಗುರುತಿಸಿದರೆ ಮೊದಲ ಹಂತ ಮುಗಿಯುತ್ತದೆ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನೂ ಮೀರುತ್ತವೆ. ‘ಸೂರ್ಯ’ ಎಂಬ ಪದದಲ್ಲಿ ರಕಾರದ ಸದ್ದು ಯಕಾರಕ್ಕಿಂತ ಮೊದಲು ಬರುತ್ತದೆ, ಆದರೆ ಅರ್ಕಾವತ್ತಿನ ಗುರುತು ಯಕಾರದ ಆಚೆ ಕೂತಿರುತ್ತದೆ. ಎಡದಿಂದ ಬಲಕ್ಕೆ ನಿಷ್ಠೆಯಿಂದ ಓದುವ ಮಗು ‘ಸೂಯರ’ ಎಂದರೆ ತಪ್ಪು ಮಗುವಿನದೋ ಲಿಪಿಯದೋ? ‘ರಾಷ್ಟ್ರ’ದಲ್ಲಿ ಒಂದರ ಕೆಳಗೆ ಒಂದು ಮೂರು ವ್ಯಂಜನ. ‘ಕೋ’ ಬರೆಯಲು ಕಕಾರಕ್ಕೆ ಎತ್ವ, ಕೊಂಬು, ದೀರ್ಘ ಎಂದು ಮೂರು ಗುರುತು ಹಚ್ಚಬೇಕು, ಕೇಳಿಸುವ ಸ್ವರ ಮಾತ್ರ ಒಂದೇ. ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಓದಲು ಕಲಿಯುವ ಮಕ್ಕಳ ನಡಿಗೆಯನ್ನು ಅಳೆಯಿತು. ಅಕ್ಷರಕಲಿಕೆ ಒಂದು ಎರಡನೇ ತರಗತಿಗೆ ಮುಗಿಯುವುದಿಲ್ಲ, ಅದರಾಚೆಗೂ ನಿಧಾನವಾಗಿ ಸಾಗುತ್ತದೆ ಎಂದು ತೋರಿಸಿತು. ಅಂದರೆ ಎರಡನೇ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವುದು ಸಹಜ, ನಾಲ್ಕು ಐದರಲ್ಲೂ ತಡವರಿಸಿದರೆ ಯೋಚಿಸಬೇಕು. ನಮ್ಮ ಪಠ್ಯಪುಸ್ತಕ ಮಾತ್ರ ಆ ಹೊತ್ತಿಗೆ ಎಲ್ಲರಿಗೂ ಓದಲು ಬರುತ್ತದೆ ಎಂದುಕೊಂಡು ಪರಿಸರ ಅಧ್ಯಯನ ಶುರುಮಾಡಿರುತ್ತದೆ.

ಈಗ ಡಾಕ್ಟರ ಮಾತು. 1995ರ ಕಾನೂನಿನಲ್ಲಿ ಅಂಗವೈಕಲ್ಯದ ಬಗೆಗಳು ಏಳೇ ಇದ್ದವು. 2016ರ ಕಾನೂನು ಅದನ್ನು 21ಕ್ಕೆ ಏರಿಸಿತು, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿತು. ಆದರೆ 2018ರ ಮಾರ್ಗಸೂಚಿಯ ಪ್ರಕಾರ ಅದಕ್ಕೆ ಪ್ರಮಾಣಪತ್ರ ಕೊಡುವುದು ಎಂಟು ವರ್ಷ ತುಂಬಿದ ಮೇಲೆ. ಅದರಲ್ಲಿ ತಪ್ಪಿಲ್ಲ, ಅದಕ್ಕೆ ಮೊದಲು ತೊಂದರೆ ಯಾವುದು, ಬರೀ ನಿಧಾನ ಯಾವುದು ಎಂದು ಹೇಳುವುದು ಕಷ್ಟ. ಆದರೆ ನೆರವನ್ನು ಪತ್ರಕ್ಕೆ ಕಟ್ಟಿಹಾಕಿದರೆ ಓದು ಕಲಿಯುವ ಅತಿ ಮುಖ್ಯವಾದ ಮೂರು ವರ್ಷ ಬರೀ ಕಾಯುವುದರಲ್ಲೇ ಕಳೆಯುತ್ತದೆ. ನೀವು ಹೇಳಿದ ಸೋಮಾರಿ ಹುಡುಗನನ್ನೇ ತೆಗೆದುಕೊಳ್ಳಿ. ಅವನಿಗೆ ದಿನಕ್ಕೆ ಹತ್ತು ನಿಮಿಷ ಪದ ಬಿಡಿಸಿ, ಚಪ್ಪಾಳೆ ತಟ್ಟಿಸಿ, ಒತ್ತಕ್ಷರವನ್ನು ಬೇರೆ ಬಣ್ಣದಲ್ಲಿ ಬರೆದು ಓದಿಸಿದಿರಿ ಎಂದಿಟ್ಟುಕೊಳ್ಳಿ. ತೊಂದರೆ ಇಲ್ಲದಿದ್ದರೆ ಬೇಗ ಹಿಡಿದುಕೊಳ್ಳುತ್ತಾನೆ, ನಷ್ಟವೇನೂ ಇಲ್ಲ. ಇದ್ದರೆ ಅಷ್ಟು ಮಾಡಿದರೂ ಹಿಂದುಳಿಯುತ್ತಾನೆ, ಡಾಕ್ಟರಿಗೆ ಬೇಕಾದ ಸಾಕ್ಷಿ ಆಗ ಸಿಗುತ್ತದೆ. ಪಾಠವೇ ಮೊದಲ ತಪಾಸಣೆ.

ಅವರು: ಹತ್ತು ನಿಮಿಷ ಎಂದು ಕೂತಲ್ಲಿ ಹೇಳುವುದು ಸುಲಭ. ಐವತ್ತು ಅರವತ್ತು ಮಕ್ಕಳ ಕ್ಲಾಸಿನಲ್ಲಿ ಪಾಠ ಹೇಳಿ ನೋಡಿ. ಒಬ್ಬನಿಗೆ ಹತ್ತು ನಿಮಿಷ ಕೊಟ್ಟರೆ ಉಳಿದವರ ಸಿಲಬಸ್ ಯಾರು ಮುಗಿಸುತ್ತಾರೆ?

ಇವರು: ನಿಮ್ಮ ಆಕ್ಷೇಪಣೆಯಲ್ಲಿ ಒಂದು ಊಹೆ ಅಡಗಿದೆ: ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಸರಿಯಾಗಿ, ಒಂದೇ ಮಟ್ಟದಲ್ಲಿದ್ದಾರೆ ಎಂದು. ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿ ನೋಡಿ. ದೇಶದ ಗ್ರಾಮೀಣ ಭಾಗದಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 20.5 ಮಾತ್ರ. ಐವರಲ್ಲಿ ನಾಲ್ವರು ಹಿಂದಿರುವ ಕ್ಲಾಸಿನಲ್ಲಿ ‘ವಿಶೇಷ’ ಮಗು ಯಾವುದು? ಎಲ್ಲರಿಗೂ ಒಂದೇ ಪುಟ ತೆರೆಸಿ ಸಿಲಬಸ್ ಮುಗಿಸಿದರೆ ಮುಗಿಯುವುದು ಸಿಲಬಸ್ ಮಾತ್ರ. ಇದಕ್ಕೆ ಉತ್ತರ ಹುಡುಕಲು ಫಿನ್ಲೆಂಡಿಗೆ ಹೋಗಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ನಮ್ಮದೇ ಸರ್ಕಾರಿ ಶಾಲೆಗಳಲ್ಲಿದೆ. ಅಲ್ಲಿ ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡು ಮಾಡಿದ್ದಾರೆ, ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದ ಮುಂದಕ್ಕೆ ಹೋಗುತ್ತದೆ. ಮಕ್ಕಳು ಕೂರುವ ಗುಂಪಿಗೆ ತಟ್ಟೆ ಎನ್ನುತ್ತಾರೆ. ಶಿಕ್ಷಕರ ಸಂಪೂರ್ಣ ಬೆಂಬಲದ ತಟ್ಟೆ, ಭಾಗಶಃ ಬೆಂಬಲದ್ದು, ಗೆಳೆಯರ ಬೆಂಬಲದ್ದು, ಕೊನೆಗೆ ಸ್ವಕಲಿಕೆಯ ತಟ್ಟೆ. ಟೀಚರು ಇಡೀ ಹೊತ್ತು ಎಲ್ಲರಿಗೂ ಹೇಳುತ್ತಿರುವುದಿಲ್ಲ, ಯಾರಿಗೆ ಬೇಕೋ ಅವರ ತಟ್ಟೆಯಲ್ಲಿ ಕೂರುತ್ತಾರೆ. ನೀವು ಎಲ್ಲಿಂದ ತರಲಿ ಎಂದ ಹತ್ತು ನಿಮಿಷ ಹೀಗೆ ಹುಟ್ಟುತ್ತದೆ. ಇದನ್ನು ಅಂಗವೈಕಲ್ಯಕ್ಕೆಂದು ರೂಪಿಸಿದ್ದಲ್ಲ, ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸಬೇಕಾದ ಶಾಲೆಗೆಂದು ರೂಪಿಸಿದ್ದು. ಆದರೂ ನಿಧಾನದ ಮಗುವಿಗೂ ಚುರುಕು ಮಗುವಿಗೂ ಇಷ್ಟು ಒಗ್ಗುವ ವಿಧಾನ ನಮ್ಮಲ್ಲಿ ಇನ್ನೊಂದಿಲ್ಲ. ದಾಖಲೆ ತುಂಬುವ ಕಾಟ ಜಾಸ್ತಿ ಎಂದು ಟೀಚರುಗಳು ಗೊಣಗುತ್ತಾರೆ, ನಿಜ. ಅದಕ್ಕಿಂತ ದೊಡ್ಡ ದೋಷ, ಇದು ಮೂರನೇ ತರಗತಿಗೆ ನಿಂತುಬಿಡುತ್ತದೆ. ನಾಲ್ಕಕ್ಕೆ ಬಂದ ಮಗುವಿನ ಕೈಗೆ ಎಲ್ಲರಂತೆ ಒಂದೇ ಪುಸ್ತಕ ಕೊಟ್ಟು, ಒಂದೇ ವೇಗದಲ್ಲಿ ಓಡು ಎನ್ನುತ್ತೇವೆ.

ಇನ್ನು ನಿಮ್ಮ ಹೈಸ್ಕೂಲಿನ ಗಣಿತಕ್ಕೇ ಬರುತ್ತೇನೆ, ಬೇಸರಪಡಬೇಡಿ. ಬೋರ್ಡಿನತ್ತ ತಿರುಗಿ, ಬರೆಯುತ್ತಾ ಬರೆಯುತ್ತಾ, ‘ಇದನ್ನು ತಂದು ಇಲ್ಲಿ ಹಾಕಿದರೆ ಇದು ಹೋಯಿತು, ಉಳಿದದ್ದು ಇಷ್ಟು’ ಎನ್ನುವ ಮೇಷ್ಟ್ರು ಎಷ್ಟು ಜನ ಇಲ್ಲ? ಕಣ್ಣು ಕಾಣದ ಹುಡುಗನಿಗೆ ಆ ವಾಕ್ಯದಲ್ಲಿ ಏನೂ ಇಲ್ಲ. ಕಿವಿ ಮಂದವಿದ್ದು ತುಟಿ ನೋಡಿ ಅರ್ಥಮಾಡಿಕೊಳ್ಳುವ ಹುಡುಗಿಗೆ ಮೇಷ್ಟ್ರ ಬೆನ್ನು ಮಾತ್ರ ಕಾಣುತ್ತದೆ. ‘ಎರಡೂ ಕಡೆಯಿಂದ ಮೂರು ಎಕ್ಸ್ ಕಳೆದೆ, ಈಗ ಎಡಗಡೆ ಎರಡು ಎಕ್ಸ್, ಬಲಗಡೆ ಹತ್ತು’ ಎಂದು ಹೇಳಿ, ಬರೆದು, ಮಕ್ಕಳತ್ತ ತಿರುಗಿ ಇನ್ನೊಮ್ಮೆ ಹೇಳಿದರೆ ಖರ್ಚು ಏನು? ಬಜೆಟ್ ಬೇಡ, ತರಬೇತಿ ಶಿಬಿರವೂ ಬೇಡ. ಕಣ್ಣು ಕಿವಿ ಎರಡೂ ನೆಟ್ಟಗಿದ್ದು ಕೊನೇ ಬೆಂಚಿನಲ್ಲಿ ಗಮನ ತಪ್ಪಿ ಕೂತ ಹುಡುಗನಿಗೂ ಅದೇ ಹೊತ್ತಿಗೆ ‘ಇದು’ ಅಂದರೆ ಏನು ಎಂದು ತಿಳಿಯುತ್ತದೆ.

ಅವರು: ಆ ಮಾತು ಒಪ್ಪಿದೆ, ನನಗೂ ತಗುಲಿತು ಅನ್ನಿ. ಆದರೆ ಎಲ್ಲವನ್ನೂ ಕ್ಲಾಸ್ ಟೀಚರ ತಲೆಗೇ ಕಟ್ಟಿದರೆ ಸರ್ಕಾರ ಕೈತೊಳೆದುಕೊಂಡು ಕೂರುವುದಿಲ್ಲವೇ? ಅಂಥ ಮಕ್ಕಳು ಒಳಗೆ ಬಂದರೆ ಉಳಿದ ಮಕ್ಕಳ ಓದು ಕೆಡುತ್ತದೆ ಎಂಬ ತಂದೆತಾಯಿಯರ ಭಯವೂ ಇದೆಯಲ್ಲ?

ಇವರು: ಭಯಕ್ಕೆ ಮೊದಲು ಉತ್ತರಿಸುತ್ತೇನೆ, ಅದನ್ನು ಅಳೆದು ನೋಡಿದವರಿದ್ದಾರೆ. ಪೋಲೆಂಡಿನ ಸಂಶೋಧಕರು ಬೇರೆ ಬೇರೆ ದೇಶಗಳ 40ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಅಗತ್ಯವುಳ್ಳ ಮಕ್ಕಳ ಜೊತೆ ಓದಿದ ಇತರ ಮಕ್ಕಳ ಕಲಿಕೆಗೆ ಧಕ್ಕೆ ಕಾಣಲಿಲ್ಲ, ಸರಾಸರಿಯಲ್ಲಿ ಚೂರು ಲಾಭವೇ ಕಂಡಿತು. ಇದನ್ನು ಹೇಳಿ ನಿಲ್ಲಿಸಿದರೆ ನನ್ನ ವಾದಕ್ಕೆ ಅನುಕೂಲ, ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ವಿಶೇಷ ಅಗತ್ಯವುಳ್ಳ ಮಕ್ಕಳಿಗೇ ಸಾಮಾನ್ಯ ತರಗತಿಯಿಂದ ಎಷ್ಟು ಲಾಭ ಎಂದು 2022ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹೀಗೇ ಒಟ್ಟುಮಾಡಿ ನೋಡಿದಾಗ, ಸರಾಸರಿಯಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದು ಬಂತು. ಸಮನ್ವಯ ಶಿಕ್ಷಣದ ಉತ್ಸಾಹಿಗಳು ಈ ಎರಡನೆಯದನ್ನು ಭಾಷಣದಲ್ಲಿ ಹೇಳುವುದಿಲ್ಲ. ನನಗೆ ಮಾತ್ರ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಬರೀ ಒಂದೇ ಕೋಣೆಯಲ್ಲಿ ಕೂರಿಸಿದರೆ ಏನೂ ಆಗುವುದಿಲ್ಲ, ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿ ಬಡಿಸದೆ ಮುಂದೆ ಹೋದ ಹಾಗೆ. ಕೋಣೆ ಯಾವುದು ಎನ್ನುವುದಕ್ಕಿಂತ ಆ ಕೋಣೆಯಲ್ಲಿ ಆ ಮಗುವಿಗೆ ಪಾಠ ಮುಟ್ಟಿತೇ ಎಂಬುದೇ ಲೆಕ್ಕ.

ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬ ನಿಮ್ಮ ಅನುಮಾನ ಮಾತ್ರ ಪೂರ್ತಿ ಸರಿ. ಕ್ಲಾಸ್ ಟೀಚರಿಗೆ ಬ್ರೈಲ್ ಬರಬೇಕು, ಸಂಜ್ಞಾಭಾಷೆ ಬರಬೇಕು ಎಂದು ಹೇಳುವುದು ಅನ್ಯಾಯ. ಅದಕ್ಕೆ ವಿಶೇಷ ಶಿಕ್ಷಕರು ಬೇಕು. ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬರು, ಅದರ ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬರು ಇರಬೇಕು ಎಂದು ಸುಪ್ರೀಂ ಕೋರ್ಟಿನ 2021ರ ಅಕ್ಟೋಬರಿನ ತೀರ್ಪಿನ ನಂತರ ಕೇಂದ್ರ ಸರ್ಕಾರ ನಿಗದಿ ಮಾಡಿತು. ನಮ್ಮಲ್ಲಿ ಬ್ಲಾಕ್ ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳಿದ್ದಾರೆ. ಒಂದು ಬ್ಲಾಕಿನ ಶಾಲೆಗಳನ್ನೆಲ್ಲ ಸುತ್ತಿ, ತಪಾಸಣಾ ಶಿಬಿರ ನಡೆಸಿ, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಿ ಬರುವ ಶಿಕ್ಷಕರು ಒಂದು ಮಗುವಿನ ಪಕ್ಕದಲ್ಲಿ ಎಷ್ಟು ಹೊತ್ತು ಕೂರಲು ಸಾಧ್ಯ? ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ ಎಂದು ಮೇಷ್ಟ್ರಿಗೆ ಹೇಳುವುದು ನ್ಯಾಯವಾಗಬೇಕಾದರೆ, ಬ್ರೈಲ್ ಬಲ್ಲವರನ್ನು ಕಳಿಸಿ ಎಂದು ಇಲಾಖೆಗೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಅವರು: ಪರೀಕ್ಷೆಯ ಹೆಚ್ಚುವರಿ ಸಮಯದ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ. ಗಂಟೆಗೆ 20 ನಿಮಿಷ ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇಡೀ ಒಂದು ಗಂಟೆ. ಅಷ್ಟು ಕೊಟ್ಟರೆ ಯಾರಿಗೆ ತಾನೇ ಹೆಚ್ಚು ಅಂಕ ಬರುವುದಿಲ್ಲ? ಬರೆದುಕೊಡುವವರೇ ಉತ್ತರವನ್ನೂ ಹೇಳಿಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ.

ಇವರು: ಹೆಚ್ಚು ಹೊತ್ತು ಎಲ್ಲರಿಗೂ ಸಹಾಯ ಮಾಡುತ್ತದೆ, ನಿಮ್ಮ ಊಹೆ ಸರಿ. ಅಮೆರಿಕದಲ್ಲಿ ಇದರ ಬಗ್ಗೆ ನಡೆದ ಪ್ರಯೋಗಗಳನ್ನು 2005ರಲ್ಲಿ ಒಟ್ಟಿಗೆ ಪರಿಶೀಲಿಸಿದವರೂ ಅದನ್ನೇ ಕಂಡರು. ಜೊತೆಗೆ, ತೊಂದರೆಯುಳ್ಳ ಮಕ್ಕಳಿಗೆ ಆಗುವ ಲಾಭ ಉಳಿದವರಿಗಿಂತ ಹೆಚ್ಚು ಎಂದೂ ಕಂಡರು. ಇದರಿಂದ ನೀವು ತೆಗೆಯುವ ತೀರ್ಮಾನವೇ ಬೇರೆ, ನನ್ನದೇ ಬೇರೆ. ಎಲ್ಲರಿಗೂ ಲಾಭವಾಗುತ್ತದೆ ಅಂದರೆ ಈಗಿನ ಪರೀಕ್ಷೆ ಗಣಿತದ ಜೊತೆ ಕೈಬರಹದ ವೇಗವನ್ನೂ ಸೇರಿಸಿ ತೂಗುತ್ತಿದೆ ಎಂದಾಯಿತು. ಬೆರಳಚ್ಚಿನ ಪರೀಕ್ಷೆಯಲ್ಲಿ ವೇಗವೇ ವಿದ್ಯೆ, ಅಲ್ಲಿ ಒಂದು ನಿಮಿಷವನ್ನೂ ಹೆಚ್ಚು ಕೊಡಬೇಡಿ. ಪೈಥಾಗೊರಸನ ಪ್ರಮೇಯ ಸಾಧಿಸಲು ಒಂದು ಮಗುವಿಗೆ ನಾಲ್ಕು ನಿಮಿಷದ ಬದಲು ಆರು ಹಿಡಿದರೆ ಪ್ರಮೇಯದ ಗೌರವ ಕಡಿಮೆಯಾಯಿತೇ? ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಅಂಗವೈಕಲ್ಯ ಶೇ. 40 ಮುಟ್ಟಿಲ್ಲವೆಂದು ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರೆಯುವವರನ್ನು ನಿರಾಕರಿಸಿದ್ದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ, ಶೇಕಡಾವಾರು ಲೆಕ್ಕ ಬೇರೆ, ಆ ವ್ಯಕ್ತಿಯ ಅಗತ್ಯ ಬೇರೆ ಎಂದಿತು.

ಉತ್ತರ ಹೇಳಿಕೊಡುವ ಮೋಸ ಇದೆ, ಇಲ್ಲವೆನ್ನುವುದಿಲ್ಲ. ಅದಕ್ಕೆ ಹೆದರಿ ಸೌಲಭ್ಯ ತೆಗೆಯುವುದಾದರೆ, ನಕಲು ಮಾಡುತ್ತಾರೆಂದು ಪರೀಕ್ಷೆಯನ್ನೇ ತೆಗೆಯಬೇಕಾಗುತ್ತದೆ. ನನ್ನನ್ನು ಚಿಂತೆಗೀಡುಮಾಡುವುದು ಅದರ ಇನ್ನೊಂದು ತುದಿ. ಹತ್ತು ವರ್ಷ ಯಾರಿಗೂ ಉತ್ತರ ಹೇಳಿ ಬರೆಸದ ಮಗುವಿನ ಪಕ್ಕದಲ್ಲಿ ಎಸ್ಸೆಸ್ಸೆಲ್ಸಿಯ ದಿನ ಗುರುತಿಲ್ಲದ, ಕೆಳತರಗತಿಯ ಹುಡುಗನೊಬ್ಬ ಬಂದು ಕೂರುತ್ತಾನೆ. ಹೇಳಿ ಬರೆಸುವುದು ಒಂದು ವಿದ್ಯೆ. ಎಲ್ಲಿ ನಿಲ್ಲಿಸಬೇಕು, ಯಾವ ಸಾಲು ಮತ್ತೆ ಓದಿಸಿ ಕೇಳಬೇಕು, ತ್ರಿಭುಜದ ಶೃಂಗಗಳಿಗೆ ಯಾವ ಕ್ರಮದಲ್ಲಿ ಹೆಸರಿಡಿಸಬೇಕು, ಇದೆಲ್ಲ ಅಭ್ಯಾಸದಿಂದ ಬರುವಂಥದು. ಐದನೇ ತರಗತಿಯಿಂದ ಪ್ರತಿ ಕಿರುಪರೀಕ್ಷೆಯಲ್ಲೂ ಇದು ನಡೆದಿದ್ದರೆ ಹತ್ತರಲ್ಲಿ ಅದು ನೆರವಾಗುತ್ತದೆ. ಹತ್ತರಲ್ಲಿ ಮೊದಲ ಬಾರಿಗೆ ಕೊಟ್ಟರೆ ಅದೂ ಒಂದು ಪರೀಕ್ಷೆಯೇ.

ಅವರು: ಕಿವುಡ ಮಕ್ಕಳ ವಿಷಯದಲ್ಲಿ ಹಳೆಯ ವಿಶೇಷ ಶಾಲೆಗಳೇ ಚೆನ್ನಾಗಿದ್ದವು ಎಂದು ಅವರಲ್ಲೇ ಹಲವರು ಹೇಳುತ್ತಾರಲ್ಲ?

ಇವರು: ಹೇಳುತ್ತಾರೆ, ಅವರ ಮಾತಿನಲ್ಲಿ ಹುರುಳಿದೆ. 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಸಂಜ್ಞಾಭಾಷೆಯನ್ನು ಶಾಲೆಯಿಂದ ಹೊರಗಿಡಬೇಕೆಂದು ನಿರ್ಣಯಿಸಿತು. ಅದಾದ ಮೇಲೆ ದಶಕಗಳ ಕಾಲ ಮಕ್ಕಳ ಕೈ ಕಟ್ಟಿ ಬಾಯಿ ಬಿಡಿಸುವುದೇ ಶಿಕ್ಷಣವಾಯಿತು. ಕಿವಿ ಕೇಳದ ಮಗುವಿಗೆ ಮೊದಲು ಬೇಕಾದದ್ದು ಭಾಷೆ, ಅದೂ ಮೊದಲ ಕೆಲವು ವರ್ಷಗಳಲ್ಲೇ. ಶ್ರವಣಯಂತ್ರದಿಂದಲೋ ಕಾಕ್ಲಿಯರ್ ಇಂಪ್ಲಾಂಟಿನಿಂದಲೋ ಮಾತು ಕಲಿಸಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರಿದ್ದಾರೆ, ಅದು ಫಲಿಸಿದರೆ ಒಳ್ಳೆಯದೇ. ಫಲಿಸದಿದ್ದರೆ, ಮಾತೇ ಬರಲಿ ಎಂದು ಕಾಯುತ್ತಾ ಸಂಜ್ಞಾಭಾಷೆಯನ್ನೂ ತಪ್ಪಿಸಿದರೆ ಮಗು ಯಾವ ಭಾಷೆಯೂ ಇಲ್ಲದೆ ಬೆಳೆಯುತ್ತದೆ. ಸಂಜ್ಞೆ ಬಲ್ಲ ಗೆಳೆಯರು, ಸಂಜ್ಞೆ ಬಲ್ಲ ಟೀಚರು ಇರುವುದು ಪ್ರತ್ಯೇಕ ಶಾಲೆಯಲ್ಲೇ ಆದರೆ ಅಲ್ಲಿಗೇ ಕಳಿಸಿ. ನಾನು ಛಾವಣಿಗಾಗಿ ಜಗಳವಾಡುತ್ತಿಲ್ಲ. ಆದರೆ ಆ ಶಾಲೆಯಲ್ಲಿ ಹೊಲಿಗೆ, ಬುಟ್ಟಿ ಹೆಣೆಯುವುದು ಮಾತ್ರ ಇದ್ದು ಬೀಜಗಣಿತ ಇಲ್ಲದಿದ್ದರೆ ಆಗ ಜಗಳವಾಡುತ್ತೇನೆ.

ಅವರು: ನೀವು ಇಲ್ಲಿಯವರೆಗೆ ಹೇಳಿದ್ದೆಲ್ಲ ಬುದ್ಧಿ ಸರಿಯಿರುವ ಮಕ್ಕಳ ವಿಷಯ. ಬೌದ್ಧಿಕ ನ್ಯೂನತೆ ಇರುವ ಮಗುವಿಗೂ ಅದೇ ಗುರಿ ಅನ್ನುತ್ತೀರಾ? ಅದು ಹಟವಾಗುವುದಿಲ್ಲವೇ?

ಇವರು: ಈ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕೆಲವು ಮಕ್ಕಳಿಗೆ ಗುರಿಯನ್ನೇ ಬೇರೆ ಮಾಡಬೇಕಾಗುತ್ತದೆ. ತಾನೇ ಊಟ ಮಾಡುವುದು, ಬಸ್ಸಿನ ನಂಬರು ಗುರುತಿಸುವುದು, ಹಣ ಎಣಿಸುವುದು ಅವರಿಗೆ ಬೀಜಗಣಿತಕ್ಕಿಂತ ದೊಡ್ಡ ವಿದ್ಯೆ. ಪ್ರಶ್ನೆ, ಹಾಗೆ ನಿರ್ಧರಿಸುವವರು ಯಾರು, ಎಷ್ಟು ಬೇಗ ನಿರ್ಧರಿಸುತ್ತಾರೆ ಎಂಬುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಓದಲು ಕಲಿಸುವುದು ವ್ಯರ್ಥ ಎಂದು ಬಹುಕಾಲ ನಂಬಿದ್ದರು. 1980ರ ದಶಕದಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಸ್ಯೂ ಬಕ್ಲಿ ಮತ್ತು ಜೊತೆಗಾರರು ಆ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಪದಗಳ ಕಾರ್ಡು ತೋರಿಸಿ ಓದಿಸಲು ಹೊರಟರು. ಹಲವರು ಓದಲು ಕಲಿತರು, ಓದಿನಿಂದಲೇ ಅವರ ಮಾತೂ ಸುಧಾರಿಸಿತು. ಕೇಳಿದ್ದಕ್ಕಿಂತ ನೋಡಿದ್ದು ಅವರಿಗೆ ಚೆನ್ನಾಗಿ ನೆನಪುಳಿಯುತ್ತಿತ್ತು. ಅದಕ್ಕೆ ಮೊದಲು ಎಷ್ಟು ತಲೆಮಾರಿನ ಮಕ್ಕಳಿಗೆ ಪುಸ್ತಕವನ್ನೇ ತೋರಿಸಿರಲಿಲ್ಲ, ಲೆಕ್ಕ ಹಾಕಿ. ಆನ್ ಡೊನೆಲನ್ ಎಂಬ ಸಂಶೋಧಕಿ 1984ರಲ್ಲಿ ಒಂದು ತತ್ವ ಮುಂದಿಟ್ಟರು: ಖಚಿತವಾಗಿ ತಿಳಿಯದಿದ್ದಾಗ, ನಮ್ಮ ಊಹೆ ತಪ್ಪಾದರೂ ಮಗುವಿಗೆ ಅತಿ ಕಡಿಮೆ ಹಾನಿಯಾಗುವ ಊಹೆಯನ್ನೇ ಹಿಡಿದು ನಡೆಯಿರಿ ಎಂದು. ಕಲಿಯಬಲ್ಲದು ಎಂದುಕೊಂಡು ಎರಡು ವರ್ಷ ಕಲಿಸಿ ಆಗದಿದ್ದರೆ ಹೋದದ್ದು ಸ್ವಲ್ಪ ಸಮಯ. ಕಲಿಯಲಾರದು ಎಂದುಕೊಂಡು ಕೈಬಿಟ್ಟು, ಅದು ಕಲಿಯಬಲ್ಲದಾಗಿದ್ದರೆ ಹೋದದ್ದು ಒಂದು ಬದುಕು. ಗುರಿ ಬದಲಿಸುವುದಾದರೆ ಕಲಿಸಿ ನೋಡಿದ ಮೇಲೆ ಬದಲಿಸಿ, ವರ್ಷಕ್ಕೊಮ್ಮೆ ಮತ್ತೆ ನೋಡಿ. ತೀರಾ ತೀವ್ರ ತೊಂದರೆಯಿರುವ ಮಗುವಿನ ವಿಷಯದಲ್ಲಿ ಎರಡು ವರ್ಷ ಸಾಕೇ, ಐದು ಬೇಕೇ, ತಾಯಿಯ ದಣಿವನ್ನು ಎಲ್ಲಿ ಲೆಕ್ಕಕ್ಕೆ ಹಿಡಿಯಬೇಕು ಎಂದರೆ ಸೂತ್ರ ಹೇಳಲು ನನಗೆ ಬರುವುದಿಲ್ಲ.

ಅವರು: ಇಷ್ಟೆಲ್ಲದರ ನಡುವೆ ಬುದ್ಧಿವಂತ ಮಕ್ಕಳನ್ನು ಮರೆತೇಬಿಟ್ಟೆವು. ಹತ್ತು ನಿಮಿಷದಲ್ಲಿ ಲೆಕ್ಕ ಮುಗಿಸಿ ಕೂರುವವನದೂ ವಿಶೇಷ ಅಗತ್ಯವೇ ತಾನೇ?

ಇವರು: ಅವನಿಗೆ ನಾವು ಕೊಡುವುದು ಎರಡೇ ಕೆಲಸ, ಒಂದೋ ತೆಪ್ಪಗೆ ಕೂರುವುದು, ಇಲ್ಲವೇ ಮಾನಿಟರ್ ಆಗಿ ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದು. ಬೆಂಗಳೂರಿನ ನಿಯಾಸ್ ಸಂಸ್ಥೆ ಇಂಥ ಮಕ್ಕಳನ್ನು ಗುರುತಿಸುವ ಕಾರ್ಯಕ್ರಮ ನಡೆಸಿದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಅವರ ಪ್ರಸ್ತಾಪವಿದೆ. ಹಳ್ಳಿಯ ಶಾಲೆಯವರೆಗೆ ಅದು ಇಳಿದಿಲ್ಲ. ಆದರೂ ಅವನು ಕಣ್ಣಿಗೆ ಬೀಳುತ್ತಾನೆ, ಹೇಗೋ ದಾರಿ ಕಂಡುಕೊಳ್ಳುತ್ತಾನೆ. ಯಾರ ಕಣ್ಣಿಗೂ ಬೀಳದ ಮಗು ಇನ್ನೊಂದಿದೆ. ತರ್ಕದಲ್ಲಿ ತುಂಬ ಮುಂದೆ, ಓದುವುದರಲ್ಲಿ ತುಂಬ ಹಿಂದೆ. ಬುದ್ಧಿ ಅದರ ತೊಂದರೆಯನ್ನು ಮರೆಮಾಡುತ್ತದೆ, ತೊಂದರೆ ಅದರ ಬುದ್ಧಿಯನ್ನು ಮರೆಮಾಡುತ್ತದೆ. ಎರಡೂ ಕೂಡಿ ಕಳೆದು ಅಂಕಪಟ್ಟಿಯಲ್ಲಿ 55 ಬರುತ್ತದೆ. 55 ಬಂದ ಮಗುವಿನ ಬಗ್ಗೆ ಯಾರೂ ಸಭೆ ಕರೆಯುವುದಿಲ್ಲ. ಫೇಲಾಗಿಲ್ಲವಾದ್ದರಿಂದ ತಪಾಸಣೆಗೆ ಕಳಿಸುವುದಿಲ್ಲ, ರ‍್ಯಾಂಕ್ ಬಂದಿಲ್ಲವಾದ್ದರಿಂದ ಪ್ರತಿಭಾವಂತರ ಪಟ್ಟಿಗೂ ಸೇರಿಸುವುದಿಲ್ಲ. ‘ಪ್ರಯತ್ನ ಸಾಲದು’ ಎಂದು ಪ್ರಗತಿಪತ್ರದಲ್ಲಿ ಬರೆದು ಸಹಿ ಹಾಕುತ್ತೇವೆ.

ಅವರು: ಅಂಥದನ್ನು ಪತ್ತೆಹಚ್ಚುವುದು ಹೇಗೆ? ಪ್ರತಿಯೊಬ್ಬರನ್ನೂ ನಿಮ್ಹಾನ್ಸಿಗೆ ಕಳಿಸಲಾಗುತ್ತದೆಯೇ?

ಇವರು: ಬೇಡ. ಒಂದು ಪಾಠದ ಐದು ಪ್ರಶ್ನೆಗಳನ್ನು ಬರೆಸಿ ನೋಡಿ, ಇನ್ನೊಂದು ದಿನ ಅಷ್ಟೇ ಕಷ್ಟದ ಐದು ಪ್ರಶ್ನೆಗಳನ್ನು ನೀವೇ ಓದಿ ಹೇಳಿ ಬಾಯಲ್ಲಿ ಉತ್ತರ ಕೇಳಿ. ಬರವಣಿಗೆಯಲ್ಲಿ ಎರಡು, ಬಾಯಲ್ಲಿ ಐದು ಬಂದರೆ ಆ ಮಗುವಿಗೆ ಪಾಠ ಗೊತ್ತಿದೆ, ಅಡ್ಡ ಬಂದಿರುವುದು ಅಕ್ಷರ. ಎರಡರಲ್ಲೂ ಎರಡೇ ಬಂದರೆ ಪಾಠವನ್ನೇ ಇನ್ನೊಂದು ರೀತಿಯಲ್ಲಿ ಹೇಳಬೇಕು.

ಅವರು: ಬಾಯಲ್ಲಿ ಹೇಳಿದ್ದಕ್ಕೆ ಅಂಕ ಕೊಟ್ಟರೆ ಇನ್‌ಸ್ಪೆಕ್ಷನ್ನಿಗೆ ಬಂದವರು ಉತ್ತರಪತ್ರಿಕೆ ಎಲ್ಲಿ ಅಂತ ಕೇಳುತ್ತಾರೆ, ಮೇಡಂ.

ಇವರು: ಕೇಳುತ್ತಾರೆ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಮೌಖಿಕ ಉತ್ತರಕ್ಕೆ, ಚಟುವಟಿಕೆಗೆ ಅವಕಾಶ ಈಗಲೂ ಇದೆ, ಎಸ್ಸೆಸ್ಸೆಲ್ಸಿಯಲ್ಲೂ 20 ಅಂಕ ಆಂತರಿಕವೇ. ಆದರೂ ಹೆಚ್ಚಿನ ಶಾಲೆಗಳಲ್ಲಿ ಅದನ್ನೂ ಬರೆಸಿ ಫೈಲಿಗೆ ಹಾಕುತ್ತಾರೆ, ಕಾಗದ ಇದ್ದರೆ ಕ್ಷೇಮ ಎಂದು. ನಿಮ್ಮ ಶಿಕ್ಷಕರ ಸಂಘದವರು ವೇತನ, ವರ್ಗಾವಣೆಗೆ ಮನವಿ ಕೊಡಲು ಹೋಗುತ್ತಾರಲ್ಲ, ಈ ಸಲ ಹೋದಾಗ ಇದನ್ನೂ ಸೇರಿಸಿ: ಯಾವ ಮಗುವಿನ ಉತ್ತರವನ್ನು ಬಾಯಲ್ಲಿ ಕೇಳಿದೆವು, ಏಕೆ ಕೇಳಿದೆವು ಎಂದು ಟೀಚರು ಎರಡು ಸಾಲು ಬರೆದಿಟ್ಟರೆ ಅದನ್ನೇ ದಾಖಲೆ ಎಂದು ಒಪ್ಪಿಕೊಳ್ಳಬೇಕು, ಹಾಗೆಂದು ಲಿಖಿತ ಆದೇಶ ಬರಬೇಕು.

ಅವರು: ಎರಡು ಸಾಲಾದರೆ ಬರೆಯುತ್ತಾರೆ. ಅದಕ್ಕೊಂದು ನಮೂನೆ ಮಾಡಿ ಹದಿನಾರು ಕಾಲಂ ಹಾಕಿ ಕಳಿಸದಿದ್ದರೆ ಸರಿ.